ಮೂರನೆಯ ಊಟ

"ಎಷ್ಟು ಊಟ?"

ಫೋನಿನಲ್ಲಿ ಯಾರಾದರೂ ಹೀಗೆ ಕೇಳಿದರೆ ನೀವು ಯೋಚಿಸಿ ಉತ್ತರ ಹೇಳುತ್ತೀರಾ? ನಾನಂತೂ ಯೋಚಿಸುವುದಿಲ್ಲ. ಎರಡು ವರ್ಷದಿಂದ ಪ್ರತಿ ಭಾನುವಾರ ಹನ್ನೊಂದೂವರೆಗೆ ಸದಾಶಿವಗಡದ ಶೇವಂತಕ್ಕನ ಖಾನಾವಳಿಗೆ ಫೋನ್ ಮಾಡುತ್ತೇನೆ. ಅವರು ಎಷ್ಟು ಎನ್ನುತ್ತಾರೆ, ನಾನು ಎರಡು ಎನ್ನುತ್ತೇನೆ. ಒಂದು ನನಗೆ, ಒಂದು ಹೆಂಡತಿ ಸುಮನಾಳಿಗೆ. ಬೈಕಿನಲ್ಲಿ ಕಾಳಿ ಸೇತುವೆ ದಾಟಿ ಹೋಗಿ ಪಾರ್ಸಲ್ ತರುತ್ತೇನೆ. ಉಣ್ಣುತ್ತೇನೆ. ಮಲಗುತ್ತೇನೆ.

ಇಷ್ಟೇ ಎಂದು ತಿಳಿದುಕೊಂಡಿದ್ದೆ.

ಎರಡು ವಾರದ ಹಿಂದೆ ಶೇವಂತಕ್ಕ ಕೈಗೆ ಕೊಟ್ಟ ಪ್ಲಾಸ್ಟಿಕ್ ಚೀಲದ ಹಿಡಿ ಹರಿಯಿತು. ಒಳಗಿದ್ದದ್ದೆಲ್ಲ ಕೌಂಟರಿನ ಮೇಲೆ ಬಿತ್ತು. ಅನ್ನದ ಪೊಟ್ಟಣ ಮೂರು. ಮೀನು ಸಾರಿನ ಪ್ಲಾಸ್ಟಿಕ್ ಕೊಟ್ಟೆ ಮೂರು. ಎರಡಕ್ಕೆ ಹಳದಿ ರಬ್ಬರ್ ಬ್ಯಾಂಡ್, ಒಂದಕ್ಕೆ ಕೆಂಪು.

"ಶೇವಂತಕ್ಕ, ಒಂದು ಜಾಸ್ತಿ ಬಂದಿದೆ."

"ಜಾಸ್ತಿ ಎಲ್ಲಿಂದ ಬಂತು ಮಾರಾಯ್ರೆ? ಮೂರು ಹೇಳಿದ್ರಿ, ಮೂರು ಕಟ್ಟಿದೆ."

"ನಾನು ಹೇಳಿದ್ದು ಎರಡು."

"ನೀವು ಯಾವತ್ತು ಎರಡು ಹೇಳಿದ್ರಿ? ಎರಡು ಖಾರದ್ದು, ಒಂದು ಸಪ್ಪೆ. ಸಪ್ಪೇದಕ್ಕೆ ಕೆಂಪು ರಬ್ಬರು. ನಂಗೇನು ನಿಮ್ಮ ಮನೆ ಊಟ ಹೊಸದಾ?"

ನನ್ನ ಹಿಂದೆ ಹೆಲ್ಮೆಟ್ ಹಿಡಿದು ನಿಂತಿದ್ದವನು ಬಗ್ಗಿ ನೋಡಿದ. "ಸರ, ಬ್ಯಾಡಾದ್ರೆ ಇತ್ಲಾಗೆ ಕೊಡಿ. ನಮ್ಮನೇಲಿ ನೆಂಟ್ರು ಬಂದು ಕೂತಿದ್ರು." ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಸೇತುವೆಯ ಮೇಲೆ ಬೈಕ್ ನಿಲ್ಲಿಸಿ ಇನ್ನೊಮ್ಮೆ ಎಣಿಸಿದೆ.

ಏಕೆಂದರೆ ಸಪ್ಪೆ ಸಾರು ಉಣ್ಣುತ್ತಿದ್ದವರು ನನ್ನ ಅಪ್ಪ. ಕಡೆಗಾಲದಲ್ಲಿ ಅಂಕೋಲೆಯಿಂದ ಬಂದು ನಮ್ಮೊಡನೆ ಇದ್ದರು. ಅವರು ತೀರಿಕೊಂಡು ಎರಡು ವರ್ಷವಾಯಿತು.

(ಮನೆಯಲ್ಲಿ ಚೀಲ ಬಿಚ್ಚುವಾಗ ಗೊತ್ತಾಗಲಿಲ್ಲವೇ ಎಂದು ಕೇಳುತ್ತೀರಿ. ಬಿಚ್ಚುವವಳು ಸುಮನಾ. ಖಾನಾವಳಿಗೆ ತಿಂಗಳ ದುಡ್ಡು ಕೊಡುವವಳೂ ಅವಳೇ. ನಾನು ಆಗ ಪೇಪರ್ ಓದುತ್ತಿರುತ್ತೇನೆ. ಹಾಗೆಂದು ನನ್ನ ನೆನಪು.)

ನೋಡಿ, ಎಷ್ಟು ಊಟ ಎಂಬ ಪ್ರಶ್ನೆಯೇ ಹೊಸದು. ನಾನು ಚಿಕ್ಕವನಿದ್ದಾಗ ಅಂಕೋಲೆಯಲ್ಲಿ ಹೊರಗಿನಿಂದ ಊಟ ತರುವುದೆಂದರೆ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೆ ಎಂದೇ ಅರ್ಥ. ಡಬ್ಬಿ ಹಿಡಿದು ಹೋಟೆಲಿನ ಕಡೆ ಹೊರಟರೆ ದಾರಿಯಲ್ಲಿ ನಾಲ್ಕು ಮಂದಿ ತಡೆದು "ಯಾರಿಗೆ ಹುಷಾರಿಲ್ಲ?" ಎನ್ನುತ್ತಿದ್ದರು. ಶೇವಂತಕ್ಕನಲ್ಲೂ ಕೆಲವು ವರ್ಷದ ಹಿಂದಿನವರೆಗೆ ನಮ್ಮದೇ ಪಾತ್ರೆ ಒಯ್ಯಬೇಕಿತ್ತು. ಅವರು ಸೌಟಿನಲ್ಲಿ ಹೊಯ್ದು, ನಮ್ಮ ಮುಖ ನೋಡಿ ಇನ್ನರ್ಧ ಸೌಟು ಹಾಕುತ್ತಿದ್ದರು. ಒಬ್ಬರು ಹೆಚ್ಚಿಗೆ ಬಂದರೂ ಆಗುತ್ತಿತ್ತು, ಒಬ್ಬರು ಕಡಿಮೆಯಾದರೂ ಆಗುತ್ತಿತ್ತು. ತಲೆ ಎಣಿಸುವವರು ಯಾರು?

ಈಗ ಅರ್ಗಾದ ನೌಕಾನೆಲೆಯವರು ಪನೀರ್ ಬೇಕೆಂದು ಫೋನ್ ಮಾಡುತ್ತಾರೆ. ಬುಟ್ಟಿ ತುಂಬ ತಾಜಾ ಮೀನಿರುವ ಚಿತ್ತಾಕುಲದ ಮನೆಗಳಿಗೆ ಗೋಬಿ ಮಂಚೂರಿ ಹೋಗುತ್ತದೆ. ನಾನೇನು ಕಡಿಮೆ? ನನ್ನ ಮನೆಯ ಒಲೆಗೂ ಭಾನುವಾರ ರಜೆ. ಎಲ್ಲರನ್ನೂ ಕೇಳುವುದು ಒಂದೇ, ಎಷ್ಟು? ಮನೆಯೆಂದರೆ ಈಗ ಒಂದು ಸಂಖ್ಯೆ. ಧಾರವಾಡದಲ್ಲಿ ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್ಸಿ. ಮಾಡಿದ ನಾನು ನನ್ನ ಮನೆಯ ಸಂಖ್ಯೆಯನ್ನೇ ತಪ್ಪಿದೆನೇ?

ಮನೆಗೆ ಬಂದವನು ನೇರ ಅಡುಗೆಮನೆಗೆ ಹೋದೆ. ಅಲ್ಲಿ ಕ್ಯಾಲೆಂಡರಿನ ಮೊಳೆಗೆ ಸುಮನಾ ರಬ್ಬರ್ ಬ್ಯಾಂಡುಗಳನ್ನೆಲ್ಲ ಸಿಕ್ಕಿಸಿಡುತ್ತಾಳೆ. ಅಪ್ಪ ನಮ್ಮೊಡನೆ ಪಾರ್ಸಲ್ ಊಟ ಮಾಡಿದ್ದು ನಾಲ್ಕು ತಿಂಗಳು. ಕೆಂಪು ಬ್ಯಾಂಡು ಹೆಚ್ಚೆಂದರೆ ಹದಿನೇಳೋ ಹದಿನೆಂಟೋ ಇರಬೇಕು. ಎಪ್ಪತ್ತು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟೆ.

"ಸುಮನಾ, ಭಾನುವಾರ ನಾನು ಎಷ್ಟು ಊಟ ತರ್ತೇನೆ?"

"ಮೂರು." ಅವಳು ಊಟಕ್ಕೆ ನಂಚಿಕೊಳ್ಳಲು ಈರುಳ್ಳಿ ಹೆಚ್ಚುತ್ತಲೇ ಇದ್ದಳು.

"ನಾವು ಇಬ್ರೇ ಅಲ್ವೇ?"

ಚಾಕು ನಿಂತಿತು. "ಬೇಕಂತ್ಲೇ ತರ್ತ್ರಿ ಅಂತ ಮಾಡಿದ್ದೆ ನಾನು. ಮಾವನ ಹೆಸ್ರಲ್ಲಿ."

ಅಪ್ಪ ತೀರಿಕೊಂಡ ವರ್ಷದ ಮಹಾಲಯದಲ್ಲಿ ಅವರಿಗೊಂದು ಎಡೆ ಇಡೋಣ ಎಂದು ಸುಮನಾ ಕೇಳಿದ್ದಳು. ನಮ್ಮ ಕಡೆ ಎಲ್ಲರೂ ಹಿರಿಯರಿಗೆ ಅವರಿಗಿಷ್ಟವಾದದ್ದನ್ನು ಬಾಳೆಲೆಯಲ್ಲಿ ಬಡಿಸಿಡುತ್ತಾರೆ. ನಾನು ಭಾಷಣ ಬಿಗಿದಿದ್ದೆ. ಸತ್ತವರಿಗೆ ಹಸಿವಾಗುವುದಿಲ್ಲ ಎಂದಿದ್ದೆ.

"ಬಾಯಲ್ಲಿ ಹಾಂಗೆ ಹೇಳಿದ್ರೂ ಮನ್ಸು ತಡೀಲಿಲ್ಲ, ಅದ್ಕೇ ಗುಟ್ಟಲ್ಲಿ ಹಿಂಗೆ ಮಾಡ್ತ್ರಿ ಅಂದ್ಕಂಡೆ. ಕೆದಕೂದು ಬ್ಯಾಡ ಅಂತ ಸುಮ್ನಿದ್ದೆ."

"ಹಾಗಾದ್ರೆ ಆ ಊಟ ಏನು ಮಾಡ್ತಿದ್ದೆ? ಕಾಗೆಗೆ ಹಾಕ್ತಿದ್ಯಾ?"

"ಕಾಗೆಗೆ ಯಾಕೆ? ನೀವೇ ಉಣ್ತ್ರಲ್ಲ!"

"ನಾನಾ? ಯಾವಾಗ?"

"ನಾನು ಪಾತ್ರೆ ತೊಳೀತಿರ್ತೆ. ನೀವು ಹಿತ್ಲ ಬಾಗ್ಲ ಹತ್ರ ಮಾವನ ಮಣೆ ಹಾಕ್ಕಂಡು ಕೂತು ಉಣ್ತ್ರಿ. ಮಾತಾಡ್ಸಿದ್ರೂ ತಿರುಗಿ ನೋಡೂದಿಲ್ಲ. ಅಳ್ತಿದ್ರೇನೋ ಅಂತ ನಾನೂ ಆ ಬದಿ ಬರೂದಿಲ್ಲ."

ನನಗೆ ಸಪ್ಪೆ ಸಾರು ಸೇರುವುದಿಲ್ಲ. ಅಪ್ಪನ ಮಣೆಯ ಮೇಲೆ ಕುಳಿತ ನೆನಪು ಒಂದೇ ಒಂದೂ ಇಲ್ಲ.

ಇಲ್ಲಿ ನಾನು ಹೆದರಿದ್ದೇಕೆ ಎಂದು ಹೇಳಬೇಕು. ಅಪ್ಪ ಅಂಕೋಲೆ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಮೈಕಿನಲ್ಲಿ ಪ್ರತಿ ಬಸ್ಸನ್ನೂ ಎರಡೆರಡು ಸಲ ಕೂಗಿ ಹೇಳಿದವರು. ಅಂಥವರು ಕಡೆಯ ತಿಂಗಳುಗಳಲ್ಲಿ ಒಂದು ಗಂಟೆಗೆ ಉಂಡು, ಒಂದೂವರೆಗೆ ತಟ್ಟೆ ಹಿಡಿದು ಬರುತ್ತಿದ್ದರು. "ನಂದು ಊಟ ಆಗ್ಲಿಲ್ಲ." ನಾನು, ದೊಡ್ಡ ಪಂಡಿತ, ಅವರು ಉಂಡ ತಟ್ಟೆಯನ್ನು ಮುಖದ ಮುಂದೆ ಹಿಡಿದು "ಇದು ಯಾರದ್ದು ಹಾಗಾದ್ರೆ?" ಎಂದು ವಾದಿಸುತ್ತಿದ್ದೆ. ತಟ್ಟೆಯ ಅಂಚಿನಲ್ಲಿ ಬಂಗಡೆಯ ಮುಳ್ಳುಗಳು ಒಂದರ ಪಕ್ಕ ಒಂದು, ಡಿಪೋದಲ್ಲಿ ಬಸ್ಸು ನಿಲ್ಲಿಸಿದ ಹಾಗೆ. ಮುಳ್ಳನ್ನು ಹಾಗೆ ಜೋಡಿಸುತ್ತಿದ್ದವರು ಅವರೊಬ್ಬರೇ. ಆದರೂ ಅವರು ಅದನ್ನು ಪರವೂರಿನವರ ಸಾಮಾನು ನೋಡಿದ ಹಾಗೆ ನೋಡುತ್ತಿದ್ದರು.

ಆ ಮರೆವು ನನಗೂ ಬಂತೇ? ನನಗಿನ್ನೂ ಐವತ್ತೊಂದು.

ಕಳೆದ ಭಾನುವಾರ ಪರೀಕ್ಷೆಗಿಳಿದೆ. ಸುಮನಾಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಫೋನ್ ಮಾಡಿದೆ. "ಎಷ್ಟು ಊಟ?" ಎಂದರು ಶೇವಂತಕ್ಕ. "ಎರಡು" ಎಂದೆ. ಬಿಡಿಸಿ, ಸ್ಪಷ್ಟವಾಗಿ. ಫೋನ್ ಇಟ್ಟು ಗೆದ್ದವನ ಹಾಗೆ ತಿರುಗಿದೆ.

ಸುಮನಾ ಗೋಡೆಗೆ ಒರಗಿದ್ದಳು. "ಮೂರು ಅಂದ್ರಿ. ಒಂದು ಸಪ್ಪೆ ಅಂದ್ರಿ. ಎರಡೆರಡು ಸಲ ಹೇಳಿದ್ರಿ, ಮಾವ ಬಸ್ಸು ಕೂಗಿದ ಹಾಂಗೆ."

ಹೋಗಿ ಪಾರ್ಸಲ್ ತಂದೆ. ಮೂರೇ ಇತ್ತು. ಖಾರದ ಊಟ ಮುಗಿಸಿ, ಕೈ ತೊಳೆದು, ಕೆಂಪು ಬ್ಯಾಂಡಿನ ಕೊಟ್ಟೆಯನ್ನು ಟೇಬಲಿನ ಮೇಲಿಟ್ಟು ಅದರ ಎದುರು ಕುಳಿತೆ. ಯಾರು ಉಣ್ಣುತ್ತಾರೋ ನೋಡಿಯೇಬಿಡೋಣ. ಗೋಡೆ ಗಡಿಯಾರದಲ್ಲಿ ಒಂದು ಹತ್ತು. ಫ್ಯಾನ್ ತಿರುಗುತ್ತಿತ್ತು. ಹೊರಗೆ ಉರಿಬಿಸಿಲು. ದೆವ್ವಕ್ಕೂ ಹೊರಬರಲು ಬೇಸರವಾಗುವ ಹೊತ್ತು.

ಆಮೇಲೆ ಗಡಿಯಾರ ನೋಡಿದಾಗ ಒಂದು ನಲವತ್ತು.

ನಾನು ಹಿತ್ತಲ ಬಾಗಿಲ ಬಳಿ ಮಣೆಯ ಮೇಲಿದ್ದೆ. ಕೊಟ್ಟೆ ಖಾಲಿ. ಬೆರಳಿನಲ್ಲಿ ಮೀನಿನ ವಾಸನೆ. (ಅದು ಸಾಕ್ಷಿಯಾಗುವುದಿಲ್ಲ, ನನ್ನ ಪಾಲಿನ ಮೀನನ್ನೂ ತಿಂದಿದ್ದೆನಲ್ಲ. ಆಗಲೂ ನನ್ನ ತಲೆ ಹೀಗೆ ವಾದ ಮಾಡುತ್ತಿತ್ತು.) ತಟ್ಟೆಯ ಕಡೆ ನೋಡಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಮುಳ್ಳನ್ನು ಗುಡ್ಡೆ ಹಾಕುವವನು, ಹುಟ್ಟಿದಾಗಿನಿಂದ. ಅಲ್ಲಿ ಮುಳ್ಳುಗಳು ಅಂಚಿಗೆ ಸಾಲಾಗಿ ನಿಂತಿದ್ದವು.

ಸುಮನಾ ಕೆಂಪು ಬ್ಯಾಂಡನ್ನು ಎತ್ತಿಕೊಂಡು ಹೋಗಿ ಮೊಳೆಗೆ ಸಿಕ್ಕಿಸಿದಳು.

ಬರುವ ವಾರ ಡಾಕ್ಟರ ಬಳಿ ಹೋಗುತ್ತಿದ್ದೇವೆ. ಈ ಸಲದ ಮಹಾಲಯಕ್ಕೆ ಎಡೆಯನ್ನೂ ಇಡುತ್ತೇನೆಂದು ಅವಳು ಹೇಳಿಯಾಗಿದೆ. ನಾನು ವಾದಿಸಲಿಲ್ಲ. ಡಾಕ್ಟರು ಏನಾದರೂ ಕಂಡುಹಿಡಿದರೆ ಅಪ್ಪನ ಕಾಯಿಲೆ ನನಗೆ ಬಂದಿದೆ. ಏನೂ ಇಲ್ಲ ಎಂದರೆ, ಬಂದಿರುವುದು ಕಾಯಿಲೆಯಲ್ಲ. ಎರಡರಲ್ಲಿ ಯಾವುದಾಗಲಿ ಎಂದು ಹಾರೈಸಬೇಕೋ ತಿಳಿಯದೆ ಕುಳಿತಿದ್ದೇನೆ.

ಇವತ್ತು ಮತ್ತೆ ಭಾನುವಾರ. ಇದನ್ನು ಬರೆಯುತ್ತಿರುವಾಗ ಪಕ್ಕದ ಮನೆಯವರು ಕಂಪೌಂಡಿನಾಚೆಯಿಂದ, ಯಾರನ್ನು ಕಂಡರೂ ಕೇಳುವ ಹಾಗೆ, "ಏನು ಸರ, ಊಟ ಆಯ್ತಾ?" ಎಂದರು. ಆಯ್ತು ಎನ್ನಲು ಬಾಯಿ ತೆರೆದೆ, ಆದರೆ ಆಗಿತ್ತೋ ಇಲ್ಲವೋ ನೆನಪಾಗಲಿಲ್ಲ. ಆಮೇಲೆ ಒಳಗಡೆ ಮುಖ ಮಾಡಿ ಕೂಗಿದೆ, "ಸುಮನಾ, ಊಟ ಆಯ್ತಾ?"

ಅಡುಗೆಮನೆಯಿಂದ ಅವಳು ಕೇಳಿದಳು, "ಯಾರದ್ದು?"