ತೂಕದ ಆದಂ ಕುಂಞಿ

ದರ್ಬೆಯ ಮೆಕ್ಯಾನಿಕ್ ಆದಂ ಕುಂಞಿಗೆ ‘ತೂಕದ ಆದಂ’ ಎಂಬ ಹೆಸರು ಬಿದ್ದದ್ದು ೧೯೫೮ರಲ್ಲಿ. ಯುದ್ಧದ ಕಾಲದಲ್ಲಿ ಮದರಾಸಿನ ಮಿಲಿಟರಿ ವರ್ಕ್‌ಶಾಪಿನಲ್ಲಿ ಲಾರಿಗಳ ಅಡಿಯಲ್ಲಿ ಮಲಗಿ ಕೆಲಸ ಕಲಿತು, ಊರಿಗೆ ಬಂದು ತಗಡಿನ ಶೆಡ್ ಹಾಕಿಕೊಂಡವನು ಅವನು. ಬೇರೆ ಮೆಕ್ಯಾನಿಕರು ಗಾಡಿ ನೋಡುವ ಮೊದಲೇ “ಆಗ್ತದೆ” ಎನ್ನುತ್ತಿದ್ದರು. ಇವನು ಪೂರ್ತಿ ಬಿಚ್ಚಿ ನೋಡಿದ ಮೇಲೂ “ಹೇಳ್ಲಿಕ್ಕಾಗುದಿಲ್ಲ” ಎನ್ನುತ್ತಿದ್ದ. ಹಾಗಾಗಿ ಗಿರಾಕಿಗಳು ಕಡಿಮೆ. ಇದ್ದವರೆಲ್ಲ ಬದುಕಿದ್ದಾರೆ ಎಂದು ಹೆಂಡತಿ ಆಸ್ಯಮ್ಮ ಹೇಳುವುದಿತ್ತು.

ಆ ವರ್ಷ ನರಿಮೊಗರಿನ ಮಹೇಶ್ವರ ಭಟ್ಟರು ಮಂಗಳೂರಿನ ಏಲಂನಲ್ಲಿ ಒಂದು ಗಾಲಿಮನೆ ಹಿಡಿದರು. ಸ್ವದೇಶಕ್ಕೆ ಹೊರಟ ಯಾವನೋ ದೊರೆಯದು. ಎರಡು ಗಾಲಿಯ ಮೇಲೆ ಮಂಚ, ಕಪಾಟು, ಒಲೆ ಇದ್ದ ಕೋಣೆ. ಗಾಡಿಯ ಹಿಂದೆ ಕಟ್ಟಿ ಎಳೆಯುವಂಥದು. ಭಟ್ಟರ ತಾಯಿ ಗೋದಾವರಿಯಮ್ಮನಿಗೆ ಕಾಶಿ ನೋಡುವ ಆಸೆ, ಆದರೆ ಪರರು ಬೇಯಿಸಿದ್ದನ್ನು ಒಂದು ತುತ್ತೂ ಮುಟ್ಟುವವರಲ್ಲ. ಹಾಗಾದರೆ ಅಡುಗೆಮನೆಯನ್ನೇ ಕಾಶಿಗೆ ಒಯ್ದರಾಯಿತು ಎಂದು ಭಟ್ಟರು ನಿಶ್ಚಯಿಸಿದರು. ಎಳೆಯಲು ಅವರ ಪುಟ್ಟ ವ್ಯಾನು ಇದ್ದೇ ಇತ್ತು.

ಲಾರಿಯೊಂದು ಎಳೆದು ತಂದ ಮನೆಯನ್ನು ದರ್ಬೆಯಲ್ಲಿ ನಿಲ್ಲಿಸಿ, “ಇದನ್ನು ನನ್ನ ವ್ಯಾನಿಗೆ ಸಿಕ್ಕಿಸಿ ಕೊಡು ಮಾರಾಯ,” ಎಂದರು.

“ಕೊಕ್ಕೆ ಮಾಡುದು ದೊಡ್ಡದಲ್ಲ ಭಟ್ರೆ. ಮೊದಲು ತೂಕ ನೋಡ್ಬೇಕು.”

“ನಾವು ಎಳೆಯುದು, ಮಾರುದಲ್ಲ.”

“ಎಳೆಯುವವನಿಗಿಂತ ಹಿಂದಿನವ ಭಾರ ಇದ್ರೆ, ಯಾರು ಯಾರನ್ನು ಎಳೆಯುದು?”

ಅಡಿಕೆ ಮಂಡಿಯ ತೂಕದ ಮೆಷಿನಿನ ಮೇಲೆ ಒಂದೊಂದೇ ಗಾಲಿ ಹತ್ತಿಸಿ, ಉಳಿದವುಗಳ ಅಡಿಗೆ ಅಷ್ಟೇ ಎತ್ತರದ ಹಲಗೆ ಕೊಟ್ಟು, ಆದಂ ಕುಂಞಿ ಒಂದು ಮಧ್ಯಾಹ್ನ ಪೂರ್ತಿ ತೂಗಿದ. ಮಂಡಿಯವರು ಅಡಿಕೆ ಬಿಟ್ಟು ಇದನ್ನೇ ನೋಡುತ್ತ ನಿಂತರು. ಹದಿಮೂರು ಕಿಲೋದಷ್ಟು ತೂಗುವ ಊರ ಮಣದ ಲೆಕ್ಕದಲ್ಲಿ ವ್ಯಾನು ಅರುವತ್ತೆರಡು ಮಣ, ಮನೆ ನಲವತ್ತೆಂಟು. ಜೀವಮಾನದಲ್ಲಿ ಮೊದಲ ಸಲ ಅವನು “ಆಗ್ತದೆ” ಎಂದ. ಮನೆಯನ್ನು ಲಾರಿ ನರಿಮೊಗರಿಗೆ ಮುಟ್ಟಿಸಿತು.

ವಾರದ ನಂತರ ಕೊಕ್ಕೆ ಹಿಡಿದು ಅಲ್ಲಿಗೆ ಹೋದರೆ ಮನೆ ಹಿಂದಕ್ಕೆ ವಾಲಿ ಕೂತಿತ್ತು. ಗೋದಾವರಿಯಮ್ಮ ಹಿಂಭಾಗದಲ್ಲಿ ಹಿಟ್ಟು ಕಡೆಯುವ ಕಲ್ಲು, ತಾಮ್ರದ ಹಂಡೆ, ಹುಲ್ಲಲ್ಲಿ ಕಟ್ಟಿದ ಎರಡು ಮುಡಿ ಅಕ್ಕಿ, ಉಪ್ಪಿನಕಾಯಿ ಭರಣಿಗಳು, ಮೇಲಿನಿಂದ ಸೌದೆ ಎಲ್ಲವನ್ನೂ ಪೇರಿಸಿದ್ದರು.

“ಅಮ್ಮಾ, ಮುಂದಿನ ಮೂತಿಯನ್ನು ನಾನು ಎರಡು ಬೆರಳಲ್ಲಿ ಎತ್ತಿದೆ. ಅದು ವ್ಯಾನಿನ ಮೇಲೆ ಸ್ವಲ್ಪ ಒತ್ತಿ ಕೂರ್ಬೇಕು. ಇಲ್ದಿದ್ರೆ ದಾರಿಯಲ್ಲಿ ಮನೆ ಬಾಲ ಆಡಿಸ್ತದೆ. ಮನೆ ಈಗ ವ್ಯಾನಿಗಿಂತಲೂ ಭಾರ ಉಂಟು. ಸೌದೆಯಾದ್ರೂ ಇಳಿಸಿ.”

“ಕಾಶಿಯಲ್ಲಿ ಸೌದೆ ಯಾರು ಕೊಡ್ತಾರೆ?”

“ಅಲ್ಲಿ ಸೌದೆಗೆ ಎಂತದೂ ಕೊರತೆ ಇಲ್ಲಾಂತ ಕೇಳಿದ್ದೇನೆ.”

ಭಟ್ಟರು ಕೆಮ್ಮಿದರು. ಆಮೇಲೆ ಉಪಾಯ ಹೇಳಿದರು: “ಭಾವ ರಾಮಪ್ರಸಾದನನ್ನು ವ್ಯಾನಿನಲ್ಲಿ ಕೂರಿಸಿದ್ರೆ? ಅವನೊಬ್ಬನೇ ಎಂಟು ಮಣ ಉಂಟು.”

“ತೂಕ ಕೂಡ್ತದೆ ಭಟ್ರೆ. ಇಂಜಿನು, ಬ್ರೇಕು ಅದೇ ಅಲ್ವಾ?”

ಭಟ್ಟರು ಕೇಳಲಿಲ್ಲ, ಮನೆಯನ್ನು ವ್ಯಾನಿಗೆ ಸಿಕ್ಕಿಸಿ ಕಾಶಿಗೆ ಹೊರಟೇಬಿಟ್ಟರು. ಬಿಟ್ಟುಹೋಗಲು ಮನಸ್ಸೊಪ್ಪದೆ ಆದಂ ಕುಂಞಿಯೂ ಹಿಂದಿನ ಸೀಟಿನಲ್ಲಿ ರಾಮಪ್ರಸಾದ ಉಳಿಸಿದ ಜಾಗದಲ್ಲಿ ತೂರಿಕೊಂಡ. ಮುಂದೆ ಭಟ್ಟರ ಪಕ್ಕ ಗೋದಾವರಿಯಮ್ಮ.

ಸಮದಾರಿಯಲ್ಲಿ ಎಲ್ಲ ಚೆಂದ. ಸಣ್ಣ ಇಳಿಜಾರು ಬಂದದ್ದೇ ಮನೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡಿತು. ವ್ಯಾನಿನ ಹಿಂಭಾಗವೂ ಅದರ ಜೊತೆ ಹೋಯಿತು. ಭಟ್ಟರು ಬ್ರೇಕು ಒತ್ತಿದರು. ಮನೆ ನಿಲ್ಲಲಿಲ್ಲ, ದೂಡಿತು. ಎರಡೂ ಒಟ್ಟಿಗೇ ಕೊಯ್ಲು ಮುಗಿದ ಗದ್ದೆಗೆ ಇಳಿದು ನಿಂತವು.

ಯಾರಿಗೂ ಏನೂ ಆಗಲಿಲ್ಲ. ಮನೆಯ ಬಾಗಿಲ ಸಂದಿಯಿಂದ ಮಾವಿನ ಮಿಡಿಯ ರಸ ತೊಟ್ಟಿಕ್ಕುತ್ತಿತ್ತು. ಗೋದಾವರಿಯಮ್ಮ ಇಳಿದು ಬಂದು ಅದನ್ನೇ ನೋಡಿದರು. ಆದಂ ಕುಂಞಿಗೆ ಬೈಗುಳ ತನಗೇ ಬೀಳುತ್ತದೆ ಅನ್ನಿಸಿತು.

“ಎಷ್ಟು ಮಣ ಇಳಿಸ್ಬೇಕು?” ಎಂದರು ಅವರು.

“ಇಪ್ಪತ್ತಾದರೂ.”

“ಕಡೆಯುವ ಕಲ್ಲು ಬಿಟ್ಟು ಹೇಳು.”

ಅಲ್ಲೇ ಗದ್ದೆಯಲ್ಲಿ ಅಕ್ಕಿ, ಹಂಡೆ, ಸೌದೆ ಇಳಿದವು. ಯಾರೂ ಹೇಳದಿದ್ದರೂ ರಾಮಪ್ರಸಾದನೂ ಇಳಿದು ನಡೆದೇ ಮನೆಗೆ ಹೋದ. ಕಲ್ಲನ್ನು ಆದಂ ಕುಂಞಿ ಗಾಲಿಗಳಿಗಿಂತ ಒಂದು ಗೇಣು ಮುಂದಕ್ಕೆ ಇಟ್ಟು ಹಗ್ಗದಿಂದ ಬಿಗಿದ. ಈಗ ಮೂತಿ ಎತ್ತಲು ಅವನ ಎರಡೂ ಕೈ ಬೇಕಾದವು.

“ಇನ್ನು ಘಾಟಿ ಹತ್ತಬಹುದಾ?” ಎಂದರು ಭಟ್ಟರು.

“ಆಗುದಿಲ್ಲ.” ಹೇಳ್ಲಿಕ್ಕಾಗುದಿಲ್ಲ ಎಂದೂ ಅನ್ನಲಿಲ್ಲ ಅವನು.

ಕೊನೆಗೆ ಕಾಶಿಯ ಬದಲು ಕೊಲ್ಲಮೊಗ್ರಿನಲ್ಲಿದ್ದ ಗೋದಾವರಿಯಮ್ಮನ ಮಗಳು ಶಂಕರಿಯ ಮನೆಗೆ ಹೋಗುವುದೆಂದಾಯಿತು. ಆದಂ ಕುಂಞಿ ಜೊತೆಗಿದ್ದು, ಇಳಿಜಾರಿಗೆ ಮೊದಲೇ ಗೇರು ಇಳಿಸಲು ಹೇಳುತ್ತ, ಕಡಬದ ದಾರಿಯಲ್ಲಿ ಎತ್ತಿನ ಗಾಡಿಗಳಿಗೆಲ್ಲ ಮುಂದೆ ಹೋಗಲು ಬಿಟ್ಟು, ಸುಖವಾಗಿ ಮುಟ್ಟಿಸಿದ. ಅಲ್ಲಿ ಗೋದಾವರಿಯಮ್ಮ ಬೀಗರ ಅಂಗಳದಲ್ಲಿ ತಮ್ಮದೇ ಮನೆಯಲ್ಲಿ ಅಡುಗೆ ಮಾಡಿದರು. ಶಂಕರಿಯ ಅತ್ತೆ ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ದೊರೆಯ ಒಲೆ ಹೇಗುಂಟೆಂದು ಇಣುಕಲು ಬಂದವರು ಸಂಜೆಯವರೆಗೆ ಹೊರಗೆ ಬರಲಿಲ್ಲ.

ಕಾಶಿಗೆ ಗೋದಾವರಿಯಮ್ಮ ಮರುವರ್ಷ ಅವಲಕ್ಕಿ ಕಟ್ಟಿಕೊಂಡು ರೈಲಿನಲ್ಲಿ ಹೋದರು. ಗಾಲಿಮನೆಯನ್ನು ಭಟ್ಟರು ಮಾರಲೆಂದು ದರ್ಬೆಯ ಶೆಡ್ಡಿನ ಪಕ್ಕ ನಿಲ್ಲಿಸಿದರು. ಕೊಳ್ಳಲು ಬಂದವರಿಗೆಲ್ಲ ಆದಂ ಕುಂಞಿ ಮೊದಲು ನಿಮ್ಮ ಗಾಡಿಯ ತೂಕ ಎಷ್ಟು ಎಂದು ಕೇಳುತ್ತಿದ್ದುದರಿಂದ ಅದು ಮಾರಾಟವಾಗಲೇ ಇಲ್ಲ. ಆಸ್ಯಮ್ಮ ಮಧ್ಯಾಹ್ನ ಅದರೊಳಗೆ ಮಲಗುತ್ತಿದ್ದಳು. ಎರಡೂ ಕಡೆ ಕಿಟಕಿ, ಒಳ್ಳೆಯ ಗಾಳಿ.