ಫೋಟೋದಲ್ಲಿ ಹಿಡಿಸದ ಹೆಂಡತಿ

ಗಂಡ ಇನ್ನೊಬ್ಬಳ ಪಕ್ಕ ಕೂತು ಹಲ್ಲು ಬಿಡುವುದನ್ನು ಒಂದು ಸಲ ನೋಡಿದರೂ ಸಾಕು, ಯಾವ ಹೆಂಡತಿಯಾದರೂ ಮನೆಯನ್ನು ರಣರಂಗ ಮಾಡುತ್ತಾಳೆ. ಏಣಿಯಕ್ಕ ಅದನ್ನು ದಿನಾ ನೋಡುತ್ತಿದ್ದಳು. ಆಸ್ಪತ್ರೆಗೆ ಹೋದರೆ ಔಷಧಿ ಕೊಡುವ ಕಿಟಕಿಯ ಮೇಲೆ, ಶಾಲೆಗೆ ಹೋದರೆ ಗಡಿಯಾರದ ಪಕ್ಕ, ಬಸ್ಸು ಹತ್ತಿದರೆ ಡ್ರೈವರನ ನೆತ್ತಿಯ ಮೇಲೆ, ಎಲ್ಲೆಲ್ಲೂ ಅದೇ ಫೋಟೋ. ನಡುವೆ ದೇಶವಾಳುವ ಮಹಾಪೋಷಕರು, ಕೈಯಲ್ಲಿ ಚಹಾದ ಲೋಟ. ಅವರ ಎಡಕ್ಕೆ ಏಣಿಯಕ್ಕನ ಅತ್ತೆ, ಬಲಕ್ಕೆ ಏಣಿಯಕ್ಕನ ಗಂಡ. ಗಂಡನ ಭುಜಕ್ಕೆ ಭುಜ ತಾಗಿಸಿಕೊಂಡು, ಏಣಿಯಕ್ಕನದೇ ಏಪ್ರನ್ ಕಟ್ಟಿಕೊಂಡು ಕೂತವಳು ಮಾತ್ರ ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದ ಹುಡುಗಿ. ಕೆಳಗೆ ದಪ್ಪ ಅಕ್ಷರದಲ್ಲಿ, 'ಕಾರ್ಮಿಕನ ಮನೆಗೆ ಅನಿರೀಕ್ಷಿತ ಅತಿಥಿ'.

ಏಣಿ ಎಂಬ ಹೆಸರು ಅವಳಿಗೆ ರೈಲ್ವೆಯ ಪಾರ್ಸೆಲ್ ಗೋದಾಮಿನಲ್ಲಿ ಬಿದ್ದದ್ದು. ಮೇಲಿನ ಅಟ್ಟದ ಪೆಟ್ಟಿಗೆಗಳನ್ನು ಇಳಿಸಲು ಉಳಿದವರು ಸ್ಟೂಲು ಹುಡುಕುವಷ್ಟರಲ್ಲಿ ಅವಳು ಕೈ ಚಾಚಿ ಇಳಿಸಿ, ರಸೀದಿ ಹರಿದು ಕೊಟ್ಟಿರುತ್ತಿದ್ದಳು. ಗಂಡ ಬಸ್ ಡಿಪೋದ ಮೆಕ್ಯಾನಿಕ್, ಅವಳ ಭುಜದ ಹತ್ತಿರ ಬರುವ ಆಳು. ನೆಲದಲ್ಲಿ ತೋಡಿದ ಗುಂಡಿಯೊಳಗೆ ನಿಂತು, ಮೇಲೆ ನಿಲ್ಲಿಸಿದ ಬಸ್ಸಿನ ಹೊಟ್ಟೆಗೆ ಸ್ಪ್ಯಾನರ್ ಹಾಕುವುದು ಅವನ ಕೆಲಸ. ಪಾರ್ಸೆಲ್ ಬಿಡಿಸಿಕೊಳ್ಳಲು ಗೋದಾಮಿಗೆ ಬಂದವನು ಅವಳನ್ನು ನೋಡಿ ಸುಮ್ಮನೆ ಹೋಗಲಿಲ್ಲ. "ದಿನವೆಲ್ಲಾ ಮೇಲೆ ನೋಡಿ ನೋಡಿ ನನ್ನ ಕತ್ತಿಗೆ ಅಭ್ಯಾಸ ಆಗಿದೆ. ನಿಮ್ಮನ್ನ ನೋಡಿದ್ರೆ ಏನೂ ನೋಯಲ್ಲ," ಎಂದಿದ್ದ. ಅದಕ್ಕಿಂತ ಚಂದದ ಮಾತು ಅವನಿಂದ ಆಮೇಲೆ ಬಂದ ದಾಖಲೆ ಇಲ್ಲ. ಮದುವೆಯಾದ ಮೇಲೆ ಅವನ ಮಾತೆಲ್ಲ "ಹೂಂ" ಒಂದರಲ್ಲೇ ಮುಗಿಯುತ್ತಿತ್ತು. ಅತ್ತೆ ಮಾತ್ರ, "ಸೊಸೆ ತಾ ಅಂದ್ರೆ ದೀಪದ ಕಂಬ ತಂದ," ಎಂದು ನೆರೆಹೊರೆಗೆಲ್ಲ ಹೇಳಿಕೊಂಡು ಬಂದಳು.

ಅನಿರೀಕ್ಷಿತ ಅತಿಥಿ ಬರುವ ಸುದ್ದಿ ವಾರ ಮೊದಲೇ ಬಂದಿತ್ತು. ಚಿತ್ರ ಇಲಾಖೆಯ ಅಧಿಕಾರಿ ಬಂದ, ಅವನ ಬೆನ್ನಿಗೆ ಬಡಗಿಗಳು ಬಂದರು. ಅಡುಗೆಮನೆಯ ಮೇಜಿನ ಕಾಲು ಕುಯ್ದರು, ಮನೆಯವರ ಕುರ್ಚಿಗಳ ಕಾಲು ಕುಯ್ದರು. ಒಂದು ಕುರ್ಚಿಯನ್ನು ಮಾತ್ರ ಬಿಟ್ಟು ಅದರಡಿಗೆ ಹಲಗೆ ಕೊಟ್ಟರು. ಮಹಾಪೋಷಕರ ಎತ್ತರ ಎಷ್ಟೆಂಬುದು ಆ ದೇಶದಲ್ಲಿ ಸೈನ್ಯದ ಗುಟ್ಟಿಗಿಂತ ದೊಡ್ಡ ಗುಟ್ಟು. ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ.

"ಚೆನ್ನಾಗಿದ್ದ ಕುರ್ಚಿ ಯಾಕಪ್ಪಾ ಕುಯ್ತೀರಾ?" ಎಂದಳು ಅತ್ತೆ.

"ಅಜ್ಜೀ, ಈಗ ಚೆನ್ನಾಗಾಯ್ತು. ಇಷ್ಟು ದಿನ ಎತ್ತರ ಜಾಸ್ತಿ ಇತ್ತು," ಎಂದ ಅಧಿಕಾರಿ.

ಏಣಿಯಕ್ಕ ಪಾತ್ರೆಗಳನ್ನು ಮುಖ ಕಾಣುವಂತೆ ಉಜ್ಜಿಟ್ಟು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಇಸ್ತ್ರಿ ಮಾಡಿ ಉಟ್ಟು, ಕುಯ್ದ ಕುರ್ಚಿಯಲ್ಲಿ ಕೂತಳು. ಮೊಣಕಾಲು ಗಲ್ಲಕ್ಕೆ ಬಂತು, ತಲೆ ಮಾತ್ರ ಇಳಿಯಲಿಲ್ಲ. ಫೋಟೋದವನು ಕ್ಯಾಮೆರಾದಲ್ಲಿ ನೋಡಿದ, ಕಣ್ಣು ಒರೆಸಿಕೊಂಡು ಮತ್ತೆ ನೋಡಿದ. ಸ್ವಲ್ಪ ಬಗ್ಗಿ ಎಂದ. ಬಗ್ಗಿದಳು. ಇನ್ನೂ ಸ್ವಲ್ಪ ಎಂದ. ಕೊನೆಗೆ ಗಲ್ಲ ಮೇಜಿಗೆ ತಾಗಿ, ಬಿದ್ದುಹೋದ ಸೂಜಿ ಹುಡುಕುವವಳಂತೆ ಕಂಡಳು.

"ಅಮ್ಮಾ, ನೀವು ಬಹಳ ಒಳ್ಳೆಯವರು. ಆದ್ರೆ ಹಿಡಿಸ್ತಾ ಇಲ್ಲ," ಎಂದ ಅಧಿಕಾರಿ.

ಅಷ್ಟಕ್ಕೇ ಅವಳ ಏಪ್ರನ್ ಬಿಚ್ಚಿಸಿದರು. ಬೀದಿಯಲ್ಲಿ ಕೆಲಸ ಮುಗಿಸಿ ಹೋಗುತ್ತಿದ್ದ ಹಲ್ಲಿನ ಡಾಕ್ಟರ ಸಹಾಯಕಿಯನ್ನು ಕೈಹಿಡಿದು ಕರೆತಂದರು. ಗುಬ್ಬಚ್ಚಿಯಂಥ ಹುಡುಗಿ, ಹಲ್ಲಂತೂ ಅಂಗಡಿಯಲ್ಲಿ ಜೋಡಿಸಿಟ್ಟ ಹಾಗೆ. ಏಪ್ರನ್ನಿನ ದಾರ ಅವಳ ಸೊಂಟಕ್ಕೆ ಎರಡು ಸುತ್ತು ಬಂತು. ಇಷ್ಟಾದರೂ ಏಣಿಯಕ್ಕನಿಗೆ ಬಿಡುಗಡೆ ಸಿಗಲಿಲ್ಲ. ದೀಪದ ಸ್ಟ್ಯಾಂಡು ದಾರಿಯಲ್ಲಿ ಮುರಿದಿತ್ತು, ಅಧಿಕಾರಿಯ ಕಣ್ಣು ಅವಳ ಮೇಲೆ ಬಿತ್ತು. ಹೀಗಾಗಿ ತನ್ನ ಅಡುಗೆಮನೆಯಲ್ಲಿ, ತನ್ನ ಗಂಡನ ಮೇಲೂ ಗಂಡನ ಪಕ್ಕದವಳ ಮೇಲೂ ಚೆನ್ನಾಗಿ ಬೆಳಕು ಬೀಳುವಂತೆ ದೀಪ ಎತ್ತಿ ಹಿಡಿದು ನಿಂತಳು.

ಮಹಾಪೋಷಕರು ಬಂದರು. ಅರ್ಧ ಎತ್ತರ ಬೂಟಿನದು, ಕಾಲು ಭಾಗ ಟೋಪಿಯದು, ಮಿಕ್ಕಿದ್ದು ಅವರದು. ಮೀಸೆ ನೆನೆಯಬಾರದೆಂದು ಲೋಟಕ್ಕೆ ಚಹಾ ಹಾಕಿರಲಿಲ್ಲ. ಅವರು ಖಾಲಿ ಲೋಟವನ್ನು ಗುಟುಕರಿಸಿ "ಆಹಾ" ಎಂದರು. ಎಲ್ಲರೂ ನಕ್ಕರು, ಮೆಕ್ಯಾನಿಕ್ ಒಬ್ಬನನ್ನು ಬಿಟ್ಟು. ಅವನ ಮುಖ ಬ್ರೇಕು ಹಿಡಿದ ಬಸ್ಸಿನ ಹಾಗೆ ನಿಂತುಬಿಟ್ಟಿತ್ತು. ಆಗ ದೀಪದ ಹಿಂದಿನಿಂದ ಏಣಿಯಕ್ಕ, ಅತ್ತೆ ಮಾತ್ರೆ ನುಂಗುವಾಗ ಮಾಡುವ ಮುಖವನ್ನು ಹಾಗೇ ಮಾಡಿ ತೋರಿಸಿದಳು. ಮೆಕ್ಯಾನಿಕ್ ಬಾಯಿ ತುಂಬ ನಕ್ಕ, ಕ್ಯಾಮೆರಾ ಕ್ಲಿಕ್ ಎಂದಿತು. ನಾಯಕನ ಮೇಲೆ ಪ್ರಜೆಗಿರುವ ಪ್ರೀತಿ ಎಂದು ದೇಶವೆಲ್ಲ ನೋಡಿದ್ದು ಆ ನಗುವನ್ನೇ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಈ ಜಗಳ ಉಂಡು ಮಲಗಿ ಎದ್ದ ಮೇಲೂ ಗೋಡೆಗಳ ಮೇಲೆ ನೇತಾಡುತ್ತಿತ್ತು. ಮೊದಮೊದಲು ಅವಳೇ ತಮಾಷೆ ಮಾಡುತ್ತಿದ್ದಳು. ಗಂಡ ತಡವಾಗಿ ಬಂದರೆ, "ಯಾವ ಹೆಂಡ್ತಿ ಮನೆಗೆ ಹೋಗಿದ್ರಿ?" ಎನ್ನುತ್ತಿದ್ದಳು. ಆದರೆ ಗಂಡನ ತೋಳು ಹಿಡಿದು ಬೀದಿಯಲ್ಲಿ ಹೋಗುವಾಗ ಜನ ಅವಳನ್ನು ಕೆಕ್ಕರಿಸಿ ನೋಡತೊಡಗಿದರು. "ಅಷ್ಟು ಮುದ್ದಾದ ಹೆಂಡ್ತಿ ಮನೇಲಿರೋವಾಗ ಈ ಉದ್ದದವಳ ಜೊತೆ ತಿರುಗ್ತಾನಲ್ಲಾ," ಎಂದು ಒಬ್ಬಳು ಕೇಳಿಸುವಂತೆಯೇ ಅಂದಳು. ಅತ್ತೆಗೆ ಮಾತ್ರ ಫೋಟೋದ ಸೊಸೆ ಬಹಳ ಹಿಡಿಸಿದ್ದಳು. "ಅವಳನ್ನ ನೋಡು, ಒಂದು ದಿನ ಎದುರು ಮಾತಾಡಿದ್ದಾಳಾ?" ಎಂದು ಗೋಡೆ ತೋರಿಸುತ್ತಿದ್ದಳು.

ಗುಬ್ಬಚ್ಚಿಯ ಪಾಡು ಇನ್ನೂ ಕಷ್ಟದ್ದು. ಒಂದು ದಿನ ಅವಳೇ ಬಂದು ಅತ್ತಳು. "ಅಕ್ಕಾ, ಹುಡುಗನ ಕಡೆಯವರು ಬರ್ತಾರೆ, ಗೋಡೆ ನೋಡ್ತಾರೆ, ಎದ್ದು ಹೋಗ್ತಾರೆ. ಮೆಕ್ಯಾನಿಕ್‌ನ ಕಟ್ಕೊಂಡವಳನ್ನ ನಾವ್ಯಾಕೆ ಕಟ್ಕೊಳ್ಳೋಣ ಅಂತಾರೆ." ಬೈಯಬೇಕೆಂದು ಕಾದಿದ್ದ ಏಣಿಯಕ್ಕ ಬಿಸಿ ಹಾಲು ಕೊಟ್ಟು ಕಳಿಸಿದಳು.

ಹೀಗಿರುವಾಗ ಅಧಿಕಾರಿ ಮತ್ತೆ ಬಂದ, ಮುಖವೆಲ್ಲ ಶುಭಸುದ್ದಿ. ಪೇಟೆಯ ನಡುವೆ ಒಂದು ಮಾದರಿ ಮನೆ ಕಟ್ಟಿದ್ದಾರೆ, ಮರದ ನೆಲ, ಎರಡು ನಲ್ಲಿ. ಫೋಟೋದ ಕುಟುಂಬ ಅಲ್ಲೇ ಹೋಗಿ ವಾಸ ಮಾಡಬೇಕು, ಹಗಲು ಹೊತ್ತು ಜನ ಬಂದು ನೋಡಿಕೊಂಡು ಹೋಗುತ್ತಾರೆ.

"ನಮ್ಮನೆಯವಳು?" ಎಂದ ಮೆಕ್ಯಾನಿಕ್.

"ಅವರೂ ಬರ್ತಾರಲ್ಲ. ಹಲ್ಲಿನ ಡಾಕ್ಟರಿಗೆ ಹೇಳಿಯಾಗಿದೆ."

"ಇವಳು, ಸಾರ್."

ಅಧಿಕಾರಿ ತಲೆ ಎತ್ತಿ ಏಣಿಯಕ್ಕನನ್ನು ನೋಡಿ ಕೆನ್ನೆ ಕೆರೆದುಕೊಂಡ. "ಇವರನ್ನ ನೆಂಟರು ಅಂತ ಮಾಡೋಣ. ಆಗಾಗ ಬಂದು ಹೋಗ್ಲಿ, ಯಾರು ಬೇಡ ಅಂತಾರೆ?"

ಗಂಡನ ಮನೆಗೇ ನೆಂಟಳಾಗಿ ಬಂದು ಹೋಗುವುದು! ಫೋಟೋ ಇಷ್ಟು ದಿನ ಅವಳ ಹೆಸರು ಕೆಡಿಸಿತ್ತು, ಈಗ ಗಂಡನನ್ನೇ ಎಳೆದುಕೊಂಡು ಹೊರಟಿತ್ತು. ಗಂಡನ ಮುಖ ನೋಡಿದಳು. ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನುವ ಧೈರ್ಯವೂ ಅವನಿಗೆ ಬರಲಿಲ್ಲ.

ಮಾದರಿ ಮನೆಯಲ್ಲಿ ಹೊಸ ಫೋಟೋ ತೆಗೆಯುವ ದಿನ ಏಣಿಯಕ್ಕನಿಗೂ ಕರೆ ಬಂತು, ದೀಪ ಹಿಡಿಯಲು. ಕಳೆದ ಸಲ ಬೆಳಕು ಬಹಳ ಚೆನ್ನಾಗಿ ಬಂದಿತ್ತಂತೆ. ಅವಳು ದೀಪ ಹಿಡಿದು ನಿಂತಳು, ಮುಖ ಕಲ್ಲು. ಮಹಾಪೋಷಕರು ಖಾಲಿ ಲೋಟ ಗುಟುಕರಿಸಿದರು. ಮೆಕ್ಯಾನಿಕ್ ಹೆಂಡತಿಯ ಕಡೆ ನೋಡಿದ, ಅವಳು ದೀಪವನ್ನು ನೋಡಿದಳು. ನಗಿ ಎಂದ ಫೋಟೋದವನು. ಮೆಕ್ಯಾನಿಕ್ ಹಲ್ಲು ಕೀಳಿಸಿಕೊಳ್ಳಲು ಬಂದವನಂತೆ ಬಾಯಿ ತೆರೆದ.

"ಈ ಮನುಷ್ಯನಿಗೆ ಏನಾಗಿದೆ?" ಎಂದು ಮಹಾಪೋಷಕರು ಲೋಟ ಕುಕ್ಕಿದರು.

"ಸ್ವಾಮಿ, ಹೆಂಡ್ತಿ ನಗಿಸದೆ ನನಗೆ ನಗು ಬರಲ್ಲ."

ಮಹಾಪೋಷಕರು ಗುಬ್ಬಚ್ಚಿಯ ಕಡೆ ತಿರುಗಿ, "ನಗಿಸಮ್ಮಾ," ಎಂದರು.

ಗುಬ್ಬಚ್ಚಿ ಇಂಥ ಅವಕಾಶ ಬಿಡುವವಳಲ್ಲ. "ಹೆಂಡ್ತಿ ನಾನಲ್ಲ ಸ್ವಾಮಿ, ಅವರು," ಎಂದು ಬೆರಳು ಮೇಲಕ್ಕೆ ತೋರಿಸಿದಳು.

ಮಹಾಪೋಷಕರು ದೀಪದ ಹಿಂದಕ್ಕೆ ನೋಡಿದರು. ನೋಡಲು ಗಲ್ಲ ಎತ್ತಬೇಕಾಯಿತು, ಗಲ್ಲ ಎತ್ತಿದಾಗ ಟೋಪಿ ಹಿಂದಕ್ಕೆ ಜಾರಿತು. ಅಧಿಕಾರಿಯ ಮುಖದಲ್ಲಿ ರಕ್ತ ಉಳಿಯಲಿಲ್ಲ. ಟೋಪಿ ಸರಿಮಾಡಿಕೊಂಡು ಮಹಾಪೋಷಕರು, "ಹೆಂಡತಿ ಅಂದಮೇಲೆ ಅವಳೇ ಇರಲಿ. ಆದರೆ..." ಎಂದು ನಿಲ್ಲಿಸಿದರು. ಅವರು 'ಆದರೆ'ಯಲ್ಲಿ ನಿಲ್ಲಿಸಿದ್ದನ್ನು ಮುಗಿಸುವುದಕ್ಕೇ ಇಲಾಖೆಗೆ ಸಂಬಳ. ಬಡಗಿಗಳು ನೆಲದ ಹಲಗೆ ಕಿತ್ತರು, ಕೆಳಗಿನ ಮಣ್ಣು ತೆಗೆದರು, ಏಣಿಯಕ್ಕನನ್ನು ಎದೆಮಟ್ಟ ಇಳಿಸಿ ಮುಂದೆ ಮೇಜು ಎಳೆದರು. ಅವಳು ಏಪ್ರನ್ ಕಟ್ಟಿಕೊಂಡು ಗುಂಡಿಯೊಳಗಿನಿಂದ ಮೇಜಿನ ಮೇಲೆ ಕೈ ಊರಿದಳು. ನೋಡಿದವರಿಗೆ ಗಂಡನಿಗಿಂತ ಗೇಣು ಗಿಡ್ಡದ ಹೆಂಗಸು ತಣ್ಣಗೆ ಕೂತ ಹಾಗೆ.

ಮೆಕ್ಯಾನಿಕ್ ತನ್ನ ಹೆಂಡತಿಯ ಬೈತಲೆಯನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು. "ಗುಂಡೀಲಿ ನಿಲ್ಲೋದು ನನ್ನ ಕೆಲಸ ಕಣೇ, ನಿಂದಲ್ಲ," ಎಂದು ಪಿಸುಗುಟ್ಟಿದ.

"ಸುಮ್ನೆ ನಗ್ರೀ. ಇಲ್ಲಾಂದ್ರೆ ಇನ್ನೂ ಅಗೀತಾರೆ," ಎಂದಳು. ಅವನು ನಕ್ಕ, ಕ್ಯಾಮೆರಾ ಕ್ಲಿಕ್ ಎಂದಿತು.

ಗೋಡೆಗೋಡೆಯ ಮೇಲೂ ಹಳೆಯದು ಇಳಿದು ಹೊಸದು ಏರಿತು. ಗುಬ್ಬಚ್ಚಿಗೆ ಬೇಗನೆ ಮದುವೆಯಾಯಿತು. ಏಣಿಯಕ್ಕನಿಗೆ ಬೇಕಾದ್ದು ಸಿಕ್ಕಿತು, ಗಂಡ ಸಿಕ್ಕಿದ, ಎರಡು ನಲ್ಲಿಯೂ ಸಿಕ್ಕಿತು. ಒಂದೇ ಷರತ್ತು. ಫೋಟೋದಲ್ಲಿ ಗಿಡ್ಡಗಿರುವವಳು ಎದುರಿಗೆ ಉದ್ದಗಿದ್ದರೆ ಜನ ಏನಂದುಕೊಂಡಾರು? ಆದ್ದರಿಂದ ಜನ ಬರುವ ಹೊತ್ತೆಲ್ಲ ಅವಳು ಗುಂಡಿಯಲ್ಲೇ ನಿಲ್ಲಬೇಕು. ಗೋದಾಮಿನ ಕೆಲಸ ಬಿಡಿಸಿದರು. ಗುಂಡಿಯ ತಳಕ್ಕೆ ಕಂಬಳಿ ಹಾಸಿಕೊಟ್ಟರು. ಅಲ್ಲೇ ನಿಂತು ತರಕಾರಿ ಹೆಚ್ಚುವಳು, ಅಲ್ಲೇ ನಿಂತು ಬಂದವರಿಗೆ ನಮಸ್ಕಾರ ಹೇಳುವಳು. "ಈಗ ನೋಡು, ಸೊಸೆ ಅಂದ್ರೆ ಹೀಗಿರ್ಬೇಕು," ಎಂದು ಅತ್ತೆ ಮೊದಲ ಸಲ ಅವಳ ತಲೆ ಸವರಿದಳು.

ಸಂಜೆ ಗುಂಡಿ ಬಿಟ್ಟು ಪೇಟೆಗೆ ಹೋದರೆ ಬೇರೆ ಗೋಳು. "ಆ ಫೋಟೋದವಳು ನಾನೇ," ಎಂದು ತರಕಾರಿಯವಳಿಗೆ ಹೇಳಿದಳು. ಅವಳು ಮೇಲಿಂದ ಕೆಳಗೆ ನೋಡಿ, "ಸುಳ್ಳಿಗೂ ಒಂದು ಅಳತೆ ಬೇಡ್ವಾ? ಆಕೆ ಕುಳ್ಳಿ," ಎಂದು ಮುಖ ತಿರುಗಿಸಿದಳು. ಏಣಿಯಕ್ಕ ನಗುನಗುತ್ತಲೇ ಇದನ್ನು ಗಂಡನಿಗೆ ಹೇಳಿದಳು. ಆದರೆ ಆಮೇಲಾಮೇಲೆ ಅವಳು ಬಗ್ಗತೊಡಗಿದಳು. ಬಗ್ಗಬೇಕಿಲ್ಲದ ಬಾಗಿಲಲ್ಲೂ ಬಗ್ಗುವಳು, ಅಟ್ಟದ ಡಬ್ಬ ತೆಗೆಯಲು ಸ್ಟೂಲು ಎಳೆಯುವಳು. ಸ್ಟೂಲಿನ ಮೇಲೆ ನಿಂತ ಹೆಂಡತಿಯನ್ನು ಕಂಡು ಮೆಕ್ಯಾನಿಕ್‌ಗೆ ತನ್ನ ಮೇಲೇ ಸಿಟ್ಟು ಬಂತು. ಹೂಂ ಅಂದದ್ದಕ್ಕೆ ಒಂದು, ಉಹೂಂ ಅನ್ನದೇ ಇದ್ದುದಕ್ಕೆ ಇನ್ನೊಂದು ಬೈಗುಳ ಎಂದು ತನ್ನನ್ನು ತಾನೇ ಬೈದುಕೊಂಡ.

ಆ ವಾರದ ರಜೆಯ ದಿನ ಮಾದರಿ ಮನೆಗೆ ಒಂದು ದೊಡ್ಡ ಗುಂಪು ಬಂತು. ಅಧಿಕಾರಿಯೇ ಮುಂದೆ ನಿಂತು ವಿವರಿಸುತ್ತಿದ್ದ. ಗುಂಪಿನಲ್ಲಿದ್ದ ಒಬ್ಬ ಮುದುಕಿ ಮೇಜಿನ ಹತ್ತಿರ ಬಂದು ಏಣಿಯಕ್ಕನ ಕೆನ್ನೆ ತಟ್ಟಿದಳು. "ಪಾಪ, ಎಷ್ಟು ಗಿಡ್ಡ! ಹುಟ್ಟಿದಾಗಿಂದ ಹೀಗೇನಾ ಮಗಳೇ?"

ಏಣಿಯಕ್ಕ ಬಾಯಿ ತೆರೆದಳು. ಮಾತಿಗಿಂತ ಮೊದಲು ಕಣ್ಣಲ್ಲಿ ನೀರು ಬಂತು.

ಮೆಕ್ಯಾನಿಕ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಮೇಜನ್ನು ಪಕ್ಕಕ್ಕೆ ಸರಿಸಿ ಹೆಂಡತಿಗೆ ಕೈ ಚಾಚಿದ. "ಬಾ ಮೇಲೆ."

"ರೀ, ಜನ ಇದಾರೆ."

"ಇರ್ಲಿ, ಬಾ."

"ಮನೆ ಹೋಗುತ್ತೆ ರೀ."

"ಹೋಗ್ಲಿ, ಬಾರೇ."

ಅವಳು ಅವನ ಕೈ ಹಿಡಿದಳು. ಒಂದು ಕಾಲು ಹಲಗೆಯ ಮೇಲಿಟ್ಟಳು, ಇನ್ನೊಂದು ಕಾಲಿಟ್ಟಳು, ಆಮೇಲೆ ಬೆನ್ನು ನೆಟ್ಟಗೆ ಮಾಡಿದಳು. ಎದೆಯವರೆಗೆ ಕಂಡಿದ್ದ ಹೆಂಗಸು ನೆಲದೊಳಗಿನಿಂದ ಏಳುತ್ತಲೇ ಇದ್ದಳು, ಜನರ ಕಣ್ಣು ಅವಳ ಜೊತೆ ಮೇಲೇರುತ್ತಲೇ ಇತ್ತು. ಹಿಂದಿದ್ದವರೊಬ್ಬರು "ಅಬ್ಬಬ್ಬಾ" ಎಂದರು. ಮೆಕ್ಯಾನಿಕ್ ಅವಳ ಪಕ್ಕ, ಭುಜದ ಕೆಳಗೆ, ತನ್ನ ಜಾಗದಲ್ಲಿ ನಿಂತ.

"ಇವಳು ನನ್ನ ಹೆಂಡ್ತಿ. ಇವಳ ಎತ್ತರ ಇಷ್ಟು," ಎಂದ. ಅಷ್ಟು ಗಟ್ಟಿಯಾಗಿ ಅವನು ಮಾತಾಡಿದ್ದನ್ನು ಹೆತ್ತ ತಾಯಿಯೂ ಕೇಳಿರಲಿಲ್ಲ.

ಮುದುಕಿ ಏಣಿಯಕ್ಕನನ್ನು ನೋಡಿದಳು, ಗುಂಡಿಯನ್ನು ನೋಡಿದಳು, ಗೋಡೆಯ ಫೋಟೋದಲ್ಲಿ ಇದೇ ಹೆಂಗಸಿಗಿಂತ ಸ್ವಲ್ಪವೇ ಎತ್ತರವಾಗಿ ಕೂತಿದ್ದ ಮಹಾಪೋಷಕರನ್ನು ನೋಡಿದಳು. "ಹಂಗಾದ್ರೆ ಅವ್ರು ಎಷ್ಟು ಎತ್ತರ ಇದ್ದಾರಪ್ಪಾ?" ಎಂದು ಅಧಿಕಾರಿಯನ್ನೇ ಕೇಳಿದಳು.

ಅಧಿಕಾರಿ ಈವತ್ತಿನ ವೀಕ್ಷಣೆ ಮುಗಿಯಿತು ಎಂದು ಕೂಗಿ ಎಲ್ಲರನ್ನೂ ಹೊರಗೆ ಅಟ್ಟಿದ. ಆದರೆ ಅಟ್ಟಿಸಿಕೊಂಡವರು ಬೀದಿಯಲ್ಲಿ ನಿಂತು ಒಬ್ಬರ ಭುಜಕ್ಕೆ ಒಬ್ಬರು ಕೈ ಅಡ್ಡ ಹಿಡಿದು ಏನೋ ಅಳೆಯುತ್ತಿದ್ದರು.

ಇವರಿಗೆ ಶಿಕ್ಷೆ ಕೊಡಬೇಕೆಂದು ಇಲಾಖೆಯಲ್ಲಿ ಬಹಳ ಚರ್ಚೆಯಾಯಿತಂತೆ. ಶಿಕ್ಷೆಗೆ ಮೊದಲು ಅಪರಾಧ ಏನೆಂದು ಬರೆಯಬೇಕಲ್ಲ. ಹೆಂಗಸು ಎದ್ದು ನಿಂತಳು ಎಂದು ಬರೆದು ಸಹಿ ಹಾಕುವ ಗಂಡಸು ಅಲ್ಲಿ ಸಿಗಲಿಲ್ಲ. ಮನೆ ಮಾತ್ರ ಅವತ್ತೇ ಖಾಲಿ ಮಾಡಿಸಿದರು. ಮೂವರೂ ಗಂಟು ಹೊತ್ತು ಹಳೆಯ ಎರಡು ಕೋಣೆಯ ಮನೆಯ ಕಡೆ ನಡೆದರು. "ಎರಡು ನಲ್ಲಿ ಇತ್ತಲ್ಲೋ," ಎಂದು ಅತ್ತೆ ದಾರಿಯುದ್ದಕ್ಕೂ ಗೊಣಗಿದಳು. ಮೆಕ್ಯಾನಿಕ್ ಕತ್ತೆತ್ತಿ ಹೆಂಡತಿಯ ಮುಖ ನೋಡುತ್ತಾ ಎರಡು ಸಲ ಎಡವಿದ. ಹಳೆಯ ಮನೆಯ ಬಾಗಿಲು ನಿಜವಾಗಿಯೂ ಗಿಡ್ಡ. ಅಲ್ಲಿ ಅವಳು ತಲೆ ಚಚ್ಚಿಕೊಂಡು, "ಹಾಳಾದ್ದು," ಎಂದು ಬೈದು, ಜೋರಾಗಿ ನಕ್ಕು ಒಳಗೆ ಹೋದಳು.