ಅತ್ತೆಯನ್ನು ದಾಟಿ ಹೋದ ಬಸ್ಸು

ಅಳಿಯ ಅತ್ತೆಯನ್ನು ರಸ್ತೆಯಲ್ಲೇ ಬಿಟ್ಟು ಬಸ್ಸು ಓಡಿಸಿಕೊಂಡು ಹೋದ ಸುದ್ದಿ, ಆ ಅಳಿಯ ಮನೆ ಸೇರುವುದಕ್ಕೆ ಎಂಟು ಗಂಟೆ ಮೊದಲೇ ಮನೆ ಸೇರಿತ್ತು. ಇಂಥ ಸುದ್ದಿಗೆ ಟಿಕೆಟ್ಟೂ ಬೇಡ, ಸ್ಟಾಪೂ ಬೇಡ. ಬಸ್ಸಿನಲ್ಲಿದ್ದ ನಲವತ್ತು ಮಂದಿಯಲ್ಲಿ ಹತ್ತು ಮಂದಿಗಾದರೂ ಅತ್ತೆಯ ಗುರುತಿತ್ತು. ಅವರಲ್ಲಿ ಮೂವರು ಇಳಿದ ತಕ್ಷಣ ಅವನ ಹೆಂಡತಿಗೆ ಫೋನು ಮಾಡಿದ್ದರು. ಒಬ್ಬರ ಬಾಯಲ್ಲಿ ಆಕೆ ಕೈ ಎತ್ತಿದ್ದಳು, ಇನ್ನೊಬ್ಬರ ಬಾಯಲ್ಲಿ ಓಡಿ ಬಂದಿದ್ದಳು, ಮೂರನೆಯವರ ಬಾಯಲ್ಲಿ ಮುಗ್ಗರಿಸಿ ಬಿದ್ದೂ ಬಿಟ್ಟಿದ್ದಳು. ಬಿದ್ದದ್ದು ಸುಳ್ಳು. ಮಂಡಿನೋವಿನ ಹೆಂಗಸು ಓಡುವುದಂತೂ ಶುದ್ಧ ಸುಳ್ಳು. ಆದರೆ ಅಳಿಯ ಆಕೆಯ ಮುಖ ನೋಡಿಯೂ ನಿಲ್ಲಿಸದೆ ಹೋದದ್ದು ಮಾತ್ರ ನಿಜ.

ಈ ಡ್ರೈವರ್ ಹನ್ನೊಂದು ವರ್ಷ ಪರದೇಶದಲ್ಲಿ ಸಿಟಿ ಬಸ್ಸು ಓಡಿಸಿ ಊರಿಗೆ ಬಂದು ಎರಡೂವರೆ ತಿಂಗಳಾಗಿತ್ತು. ಬಂದದ್ದಕ್ಕೆ ಕಾರಣ ದೊಡ್ಡದೇನಲ್ಲ. ಒಂದು ಭಾನುವಾರ ಹೆಂಡತಿಯ ಜೊತೆ ಫೋನಿನಲ್ಲಿದ್ದಾಗ ನಾಲ್ಕೇ ನಿಮಿಷಕ್ಕೆ ಇಬ್ಬರಿಗೂ ಮಾತು ಮುಗಿದುಹೋಯಿತು. ‘ಮತ್ತೆ?’ ಎಂದು ಇವನು, ‘ಮತ್ತೇನಿಲ್ಲ’ ಎಂದು ಅವಳು. ಎರಡು ಸಲ ಹಾಗೇ ಆದ ಮೇಲೆ ಅವನಿಗೆ ಹೆದರಿಕೆಯಾಯಿತು. ಮಾರನೆಯ ದಿನವೇ ಡಿಪೋದಲ್ಲಿ ಮೂರು ತಿಂಗಳ ರಜೆ ಕೇಳಿದ. ಅಲ್ಲಿನ ಮೇಲ್ವಿಚಾರಕಿ, ‘ಮೂರನೇ ತಿಂಗಳು ಮುಗಿಯೋದರೊಳಗೆ ಬರ್ತೀಯೋ ಇಲ್ವೋ ಹೇಳಿಬಿಡು, ಅಲ್ಲೀವರೆಗೆ ನಿನ್ನ ಕೆಲಸ ನಿನ್ನದೇ’ ಎಂದಿದ್ದಳು. ಆ ಗಡುವಿಗೆ ಈಗ ಎರಡು ವಾರ ಉಳಿದಿತ್ತು. ಹೆಂಡತಿಗೂ ಇದು ಗೊತ್ತಿತ್ತು. ಅವಳು ಕೇಳುತ್ತಿರಲಿಲ್ಲ, ಇವನು ಹೇಳುತ್ತಿರಲಿಲ್ಲ.

ಮನೆಗೆ ಬಂದವನು ಮನೆಯವನಾಗಬೇಕಲ್ಲ, ಅದು ಮಾತ್ರ ಆಗಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದ. ಊಟವನ್ನೂ ನಿಂತೇ ಮುಗಿಸುತ್ತಿದ್ದ. ಹೆಂಡತಿ ನೀರು ಕೊಟ್ಟರೆ ಥ್ಯಾಂಕ್ಸ್ ಎನ್ನುತ್ತಿದ್ದ. ಅವಳು ಮೂರು ದಿನ ಸಹಿಸಿಕೊಂಡು ನಾಲ್ಕನೆಯ ದಿನ, ‘ಬಿಲ್ಲೂ ತಂದುಕೊಡ್ಲಾ?’ ಎಂದಳು. ಹದಿಮೂರು ವರ್ಷದ ಮಗಳ ಕೋಣೆಯ ಬಾಗಿಲು ತೆರೆದೇ ಇದ್ದರೂ ಚೌಕಟ್ಟನ್ನು ಎರಡು ಸಲ ತಟ್ಟಿ ಆಚೆ ನಿಲ್ಲುತ್ತಿದ್ದ. ಅವಳು ಪುಸ್ತಕದಿಂದ ತಲೆ ಎತ್ತದೆ, ‘ಅಮ್ಮಾ, ಯಾರೋ ಬಂದಿದಾರೆ ನೋಡು’ ಎನ್ನುತ್ತಿದ್ದಳು. ಆ ‘ಯಾರೋ’ ಎಂಬುದು ಅವನಿಗೆ ಎಲ್ಲಿ ನಾಟುತ್ತಿತ್ತೆಂದು ಅವನೊಬ್ಬನಿಗೇ ಗೊತ್ತು.

ಇನ್ನು ಮಾತು. ಅವನು ಇದ್ದು ಬಂದ ಕಡೆ ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಶುರು ಮಾಡುವುದು ರೂಢಿ. ಇಲ್ಲಿಯೂ ಅವನು ಸರದಿಗಾಗಿ ಕಾದ. ನಾಲ್ಕು ಜನ ನೆಂಟರು ಸೇರಿದ ಕಡೆ ಸರದಿ ಎಂಬುದು ಯಾವತ್ತಾದರೂ ಬಂದದ್ದುಂಟೇ? ಇವನು ಉಸಿರೆಳೆದು ಬಾಯಿ ತೆರೆಯುವಷ್ಟರಲ್ಲಿ ಮಾತು ಮೂರು ಮನೆ ದಾಟಿರುತ್ತಿತ್ತು. ಬಾಯಿ ಬಿಟ್ಟರೆ ಮುತ್ತು ಉದುರಿಹೋಗುತ್ತದೆಂದು ಹೀಗೆ ಕೂತಿದ್ದಾನೆ ಎಂದು ನೆಂಟರು ಮೂಗು ಮುರಿದರು. ಪಾಪ, ಅವನ ಬಾಯಲ್ಲಿ ಮುತ್ತಿರಲಿಲ್ಲ, ಜಾಗ ಸಿಗದ ಮಾತಿತ್ತು.

ಕೈಕಟ್ಟಿ ಕೂತರೆ ತಲೆ ಕೆಡುತ್ತದೆಂದು ಅವನೇ ಹುಡುಕಿಕೊಂಡು ಹೋಗಿ ಒಂದು ಖಾಸಗಿ ಬಸ್ಸಿನ ಕೆಲಸ ಹಿಡಿದ. ಮಾಲೀಕನಿಗೆ ಮೂರು ಬಸ್ಸುಗಳು. ಒಂದು ಕಾಲದಲ್ಲಿ ತಾನೇ ಓಡಿಸಿದವನು, ಈಗ ಹೊಟ್ಟೆ ಸ್ಟೇರಿಂಗಿಗೆ ತಾಗುತ್ತದೆಂದು ಬಿಟ್ಟವನು. ‘ಒಂದು ತಿಂಗಳು ನೋಡೋಣ, ಆಮೇಲೆ ಕಾಯಂ’ ಎಂದ. ಇದು ನಿಂತರೆ ತಾನೂ ಇಲ್ಲಿ ನಿಲ್ಲುತ್ತೇನೆ, ಇಲ್ಲದಿದ್ದರೆ ವಿಮಾನ ಹತ್ತುತ್ತೇನೆ ಎಂದು ಅವನು ಮನಸ್ಸಿನಲ್ಲೇ ಗಂಟು ಹಾಕಿಕೊಂಡ. ಹೆಂಡತಿಗೆ ಇದನ್ನೂ ಯಾರೂ ಹೇಳಬೇಕಾಗಿರಲಿಲ್ಲ.

ಆ ದಾರಿಯಲ್ಲಿ ಇಪ್ಪತ್ತೆರಡು ಸ್ಟಾಪುಗಳು. ಅದು ಬೋರ್ಡಿನ ಲೆಕ್ಕ. ಜನರ ಲೆಕ್ಕದಲ್ಲಿ ಕೈ ಎತ್ತಿದ ಜಾಗವೆಲ್ಲ ಸ್ಟಾಪು. ಕಂಡಕ್ಟರು ಇಪ್ಪತ್ತಾರು ವರ್ಷ ಬಾಗಿಲಲ್ಲೇ ಜೋತು ಬಿದ್ದು ಒಣಗಿದ ಮನುಷ್ಯ. ದೂರದಿಂದ ಒಂದು ಕೈ ಕಂಡರೆ ಸಾಕು, ‘ಹೋಲ್ಡಾನ್’ ಎಂದು ಬಸ್ಸಿನ ಮೈ ಬಡಿಯುತ್ತಿದ್ದ. ಮೊದಲ ದಿನ ಡ್ರೈವರ್ ಆ ಕೈಗಳನ್ನೆಲ್ಲ ದಾಟಿಕೊಂಡು ಹೋದ. ಕಂಡಕ್ಟರ್ ಮುಂದೆ ಬಂದು, ‘ಕಿವಿ ಕೇಳಲ್ವಾ?’ ಎಂದ.

‘ಕೇಳುತ್ತೆ. ಅದು ಸ್ಟಾಪಲ್ಲ.’

ಎರಡನೆಯ ದಿನ ಹನ್ನೊಂದು ಹತ್ತಕ್ಕೆ ಸರಿಯಾಗಿ ಬಸ್ಸು ಹೊರಟಿತು. ಕಂಡಕ್ಟರ್ ಅಂಗಡಿಯ ಮುಂದೆ ಚಹಾ ಆರಿಸುತ್ತಾ ನಿಂತಿದ್ದ. ಅವನು ಯಾರದೋ ಸ್ಕೂಟರಿನ ಹಿಂದೆ ಕೂತು ಮೂರನೇ ಸ್ಟಾಪಿನಲ್ಲಿ ಬಸ್ಸು ಹಿಡಿದ. ಅವತ್ತಿನಿಂದ ಡ್ರೈವರಿಗೆ ‘ಗಡಿಯಾರ’ ಎಂದು ಹೆಸರು ಬಿತ್ತು. ಬೈಯುತ್ತಿದ್ದ ಪ್ರಯಾಣಿಕರಿಗೆ ಕಂಡಕ್ಟರೇ ಸಮಾಧಾನ ಹೇಳುತ್ತಿದ್ದ: ‘ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ? ಇನ್ನೊಂದು ವಾರ ತಡ್ಕೊಳ್ಳಿ.’

ವಾರ ಕಳೆಯಿತು. ಗಡಿಯಾರ ಬದಲಾಗಲಿಲ್ಲ.

ಅತ್ತೆಯ ಮನೆ ಇರುವುದು ಆರನೇ ಸ್ಟಾಪಿಗೂ ಏಳನೆಯದಕ್ಕೂ ನಡುವೆ, ಏಳನೆಯದಕ್ಕೆ ಮುನ್ನೂರು ಹೆಜ್ಜೆ ಮೊದಲು. ಆಕೆ ದಿನಾ ಬೆಳಿಗ್ಗೆ ಕಿರಿಮಗಳ ಮನೆಗೆ ಹೋಗಬೇಕು. ಆಕೆ ಹೋಗಿ ಕೂಸನ್ನು ಎತ್ತಿಕೊಂಡ ಮೇಲೇ ಕಿರಿಮಗಳು ಔಷಧಿ ಅಂಗಡಿಯ ಕೆಲಸಕ್ಕೆ ಓಡುವುದು. ಇಷ್ಟು ವರ್ಷವೂ ಯಾವ ಬಸ್ಸಿನ ಡ್ರೈವರಾದರೂ ಆಕೆಯ ಗೇಟಿನ ಮುಂದೆ ನಿಲ್ಲಿಸುತ್ತಿದ್ದ. ಆ ಮಂಗಳವಾರ ಪಾಳಿ ಬದಲಾಗಿ ಆ ಹೊತ್ತಿನ ಬಸ್ಸು ಅಳಿಯನ ಕೈಗೆ ಬಂತು. ಅತ್ತೆ ಹಿಂದಿನ ದಿನವೇ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡಿದ್ದಳು. ತಲೆ ಬಾಚಿ, ಚಪ್ಪಲಿ ಒರೆಸಿಕೊಂಡು, ಐದು ನಿಮಿಷ ಮೊದಲೇ ಗೇಟಿನ ಹೊರಗೆ ನಿಂತಿದ್ದಳು. ಬಸ್ಸು ಕಂಡದ್ದೇ ನಗುತ್ತಾ ಕೈ ಎತ್ತಿದಳು.

ಅವನು ನೋಡಿದ. ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗಿ, ಮುಟ್ಟಿ, ವಾಪಸು ಬಂತು.

‘ಹೋಲ್ಡಾನ್. ಗಡಿಯಾರ, ನಿಮ್ಮತ್ತೆ ಕಣಯ್ಯಾ,’ ಎಂದ ಕಂಡಕ್ಟರ್. ಬಸ್ಸು ಗೇಟು ದಾಟಿತು. ಕನ್ನಡಿಯಲ್ಲಿ ಅತ್ತೆ ಚಿಕ್ಕವಳಾಗುತ್ತಾ ಹೋದಳು, ಎತ್ತಿದ ಕೈ ಇನ್ನೂ ಮೇಲೇ ಇತ್ತು. ಏಳನೇ ಸ್ಟಾಪಿನಲ್ಲಿ ಅವನು ನಿಲ್ಲಿಸಿದ, ಇಬ್ಬರನ್ನು ಹತ್ತಿಸಿಕೊಂಡ, ಹೊತ್ತಿಗೆ ಸರಿಯಾಗಿ ಹೊರಟ.

ಸಂಜೆ ಮನೆಯಲ್ಲಿ ಹೆಂಡತಿ ಶಾಲೆಯ ಆಫೀಸಿನಿಂದ ಬಂದವಳು ಬ್ಯಾಗು ಕೂಡ ಇಳಿಸದೆ ನಿಂತಿದ್ದಳು.

‘ಅಮ್ಮ ಕೈ ಎತ್ತಿದ್ದು ಕಾಣಿಸ್ಲಿಲ್ವಾ?’

‘ಕಾಣಿಸ್ತು.’

‘ಮತ್ತೆ?’

‘ಅದು ಸ್ಟಾಪಲ್ಲ.’

‘ಒಂದು ಸುಳ್ಳಾದ್ರೂ ಹೇಳ್ಬಾರ್ದಾ ರೀ? ಬಿಸಿಲು ಕಣ್ಣಿಗೆ ಹೊಡೀತು ಅಂತ ಅಂದಿದ್ರೂ ನಾನು ಹೋಗಿ ಅಮ್ಮನಿಗೆ ಹೇಳ್ತಿದ್ದೆ.’ ಅವಳು ಬ್ಯಾಗು ಇಳಿಸಿದಳು. ‘ನೀವು ಇಲ್ಲಿಗೆ ಬಂದೇ ಇಲ್ಲ. ನಿಮ್ಮ ಸಾಮಾನು ಬಂದಿದೆ ಅಷ್ಟೆ. ಹೋಗೋದಾದ್ರೆ ಹೋಗಿ, ನಾನು ಅಡ್ಡ ಬರಲ್ಲ. ಆದ್ರೆ ಈ ಸಲ ಹೋದ್ರೆ ಮತ್ತೆ ರಜಕ್ಕೆ ಅಂತ ಬರ್ಬೇಡಿ. ಒಂದೊಂದು ಸಲ ಬಂದಾಗ್ಲೂ ಅಭ್ಯಾಸ ಮಾಡ್ಕೊಂಡು ಮತ್ತೆ ಮರೆಯೋದು ನನ್ನಿಂದಾಗಲ್ಲ.’

ಹೇಳಲು ಅವನಿಗೆ ಒಂದು ವಿಷಯವಿತ್ತು. ಒಂಬತ್ತು ವರ್ಷದಿಂದ ಗಂಟಲಲ್ಲೇ ಇಟ್ಟುಕೊಂಡಿದ್ದ. ಆ ದೇಶಕ್ಕೆ ಹೋದ ಎರಡನೇ ವರ್ಷ, ಒಂದು ಸಂಜೆ, ಬಸ್ಸು ಎರಡು ಸ್ಟಾಪುಗಳ ನಡುವೆ ಸಿಗ್ನಲ್ಲಿಗೆ ನಿಂತಿತ್ತು. ಒಬ್ಬ ಮುದುಕ ಕೈಚೀಲ ಹಿಡಿದು ಮುಂದೆ ಬಂದು, ಅದೋ ನನ್ನ ಮನೆ, ಇಲ್ಲೇ ಇಳಿಸಪ್ಪ ಎಂದು ಸನ್ನೆ ಮಾಡಿದ. ಅಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಕೇಳಿದ್ದರಿಂದಲೇ ಇವನಿಗೆ ಊರಿನ ನೆನಪಾಗಿ ಹಿಗ್ಗಾಯಿತು. ಬಾಗಿಲು ತೆರೆದ. ಮುದುಕ ಕಾಲಿಟ್ಟ ಹೊತ್ತಿಗೆ ಬಸ್ಸಿಗೂ ಕಾಲುದಾರಿಗೂ ನಡುವಿನ ಸಂದಿಯಲ್ಲಿ ಒಂದು ಮೋಟರ್‌ಬೈಕು ನುಗ್ಗಿ ಬಂತು. ಜೀವ ಉಳಿಯಿತು, ಮಂಡಿಯ ಕೆಳಗಿನ ಕಾಲು ಉಳಿಯಲಿಲ್ಲ. ಡಿಪೋದವರು ವಿಚಾರಣೆಯೆಂದು ಆರು ವಾರ ಮನೆಯಲ್ಲಿ ಕೂರಿಸಿದರು. ಆ ಆರು ವಾರ ಇವನು ಹೆಂಡತಿಗೆ ಫೋನಿನಲ್ಲಿ, ಜ್ವರ ಬಂದಿದೆ, ರಜೆ ಹಾಕಿದ್ದೇನೆ ಎಂದಿದ್ದ.

ಈಗಲೂ ಹೇಳಲಿಲ್ಲ. ಹೇಳಿದರೆ ನೆಪ ಎಂದುಕೊಳ್ಳುತ್ತಾಳೆ ಎನಿಸಿತು. ಎದ್ದು ಹೋಗಿ ಮುಂಬಾಗಿಲ ಚಿಲಕ ಅಲುಗಾಡಿಸಿ ನೋಡಿ ಬಂದ.

ಬುಧವಾರ ಅವನಿಗೆ ವಾರದ ರಜೆ. ಅವತ್ತೇ ಮಾಲೀಕ ಶೆಡ್ಡಿಗೆ ಕರೆಸಿಕೊಂಡ. ‘ನಿನ್ನ ಡ್ರೈವಿಂಗು ನೂರಕ್ಕೆ ನೂರು. ಆದ್ರೆ ಜನ ಹಿಂದೆ ಬರೋ ಬೇರೆಯವರ ಬಸ್ಸಿಗೆ ಹೋಗ್ತಿದಾರೆ. ಕೈ ಎತ್ತಿದ ಕಡೆ ನಿಲ್ಸು. ಶನಿವಾರ ನಾನೇ ಬಂದು ಕೂತು ನೋಡ್ತೀನಿ. ಆಗಲ್ಲ ಅಂದ್ರೆ ಕೀ ಕೊಟ್ಟು ಹೋಗು, ಬೇಜಾರಿಲ್ಲ.’ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ಒಂದು ಕಡೆ ಈ ಮನುಷ್ಯ, ಇನ್ನೊಂದು ಕಡೆ ಆ ಮುದುಕ. ನಡುವೆ ನಮ್ಮ ಗಡಿಯಾರ.

ಗುರುವಾರ ಅವನು ಸೋತ. ಅತ್ತೆ ಗೇಟಿನ ಮುಂದೆ ನಿಂತಿದ್ದಳು, ಈ ಸಲ ಕೈ ಎತ್ತಿರಲಿಲ್ಲ. ಬಸ್ಸು ಬರುವುದು ಕಂಡು, ಹಿಂದೆ ಬರುವ ಬಸ್ಸಿಗೆ ಕಾಯುವವಳ ಹಾಗೆ ಮುಖ ಆ ಕಡೆ ತಿರುಗಿಸಿಕೊಂಡಳು. ಅವನು ನಿಲ್ಲಿಸಿದ. ಕಂಡಕ್ಟರ್ ಗೆದ್ದ ಮುಖ ಮಾಡಿಕೊಂಡು, ‘ಬನ್ನಿ ಅಮ್ಮಾ, ಬನ್ನಿ’ ಎಂದ. ಆದರೆ ಎಂಜಿನ್ನು ಆಫಾಯಿತು. ಡ್ರೈವರ್ ತನ್ನ ಬಾಗಿಲಿನಿಂದ ಇಳಿದು, ಬಸ್ಸನ್ನು ಸುತ್ತು ಹಾಕಿ, ಹತ್ತುವ ಬಾಗಿಲಿನ ಹಿಂದೆ, ಬಸ್ಸಿಗೂ ರಸ್ತೆಯ ಅಂಚಿಗೂ ನಡುವಿನ ಸಂದಿಯಲ್ಲಿ ಎರಡೂ ಕೈ ಅಗಲಿಸಿ ನಿಂತ. ಹಿಂದೆ ನಾಲ್ಕು ಬೈಕುಗಳು ಹಾರ್ನು ಹೊಡೆದವು. ಒಬ್ಬ ಅವನ ಹಿರಿಯರನ್ನೂ ನೆನೆದ. ಇವನು ಕದಲಲಿಲ್ಲ.

ಅತ್ತೆ ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿ ನೋಡಿದಳು. ಅಳಿಯ ಅಗಲಿಸಿದ ಕೈ ಇಳಿಸದೆ ಬೈಕುಗಳನ್ನೇ ನೋಡುತ್ತಿದ್ದ.

‘ಅಳಿಯಂದ್ರೇ, ಏನಾಗಿದೆ ನಿಮಗೆ?’

‘ಅಲ್ಲಿ ಒಬ್ಬ ಮುದುಕನ್ನ ಹೀಗೇ ಸ್ಟಾಪಿಲ್ಲದ ಕಡೆ ಇಳಿಸಿದ್ದೆ ಅತ್ತೆ. ಬೈಕು ಬಂತು. ಅವನ ಕಾಲು ಹೋಯ್ತು.’

‘ನೀವೇನು ಗುದ್ದಿದ್ರಾ?’

‘ಬಾಗಿಲು ನಾನೇ ತೆಗೆದದ್ದು.’

ಆಕೆ ಇನ್ನೇನೂ ಕೇಳದೆ ಕಂಬಿ ಹಿಡಿದು ಹತ್ತಿಕೊಂಡಳು. ದಾರಿಯುದ್ದಕ್ಕೂ ಅವನು ಇನ್ನೂ ಒಂಬತ್ತು ಕಡೆ ಹಾಗೆ ಇಳಿದು ನಿಂತ. ಬಸ್ಸು ಕೊನೆಯ ಸ್ಟಾಪಿಗೆ ಅರ್ಧ ಗಂಟೆ ತಡವಾಗಿ ಹೋಯಿತು. ಮಧ್ಯಾಹ್ನ ಮಾಲೀಕ ಫೋನು ಮಾಡಿ, ‘ಡ್ರೈವರೇ ಇಳಿದು ರಸ್ತೆ ಕಾಯ್ತಾ ನಿಂತ್ರೆ ನನ್ನ ಬಸ್ಸು ಯಾರಯ್ಯ ಕಾಯ್ತಾರೆ?’ ಎಂದ. ಶುಕ್ರವಾರ ಬಸ್ಸಿಗೆ ಬೇರೆಯವನನ್ನು ಹತ್ತಿಸಿ, ‘ಶನಿವಾರ ಬಾ, ಕೊನೇ ಸಲ ನೋಡೋಣ’ ಎಂದು ಮಾಲೀಕ ಮಾತು ಮುಗಿಸಿದ.

ಆ ಗುರುವಾರ ಸಂಜೆಯೇ ಹೆಂಡತಿ ಅಮ್ಮನ ಮನೆಗೆ ಹೋಗಿ ಬಂದಳು. ಅಮ್ಮನ ಬಾಯಿಂದ ಮುದುಕನ ಕತೆ ಕೇಳಿ ಬಂದವಳು ಅವನೆದುರು ಕುರ್ಚಿ ಎಳೆದುಕೊಂಡು ಕೂತಳು.

‘ಜ್ವರ ಅಂದಿದ್ರಿ.’

‘ಹ್ಞೂಂ.’

‘ಆರು ವಾರ ದಿನಾ ಕೇಳ್ತಿದ್ದೆ, ಹುಷಾರಾದ್ರಾ ಅಂತ.’

‘ಹ್ಞೂಂ.’

‘ಆಗೇ ಇಲ್ವಲ್ರೀ ಇನ್ನೂ,’ ಎಂದಳು.

ಅವನಿಗೆ ಅಳು ಬಂತು. ಹನ್ನೊಂದು ವರ್ಷದಲ್ಲಿ ಯಾರೆದುರೂ ಅತ್ತಿರಲಿಲ್ಲ. ಹೆಂಡತಿ ಎದ್ದು ಹೋಗಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ, ಅವನು ಮುಗಿಸುವವರೆಗೆ ಕೂತಿದ್ದಳು. ಮಗಳು ಬಾಗಿಲಲ್ಲಿ ಇಣುಕಿ ನೋಡಿ ಒಳಗೆ ಹೋದಳು.

ಶನಿವಾರ ಮಾಲೀಕ ಮುಂದಿನ ಸೀಟಿನಲ್ಲಿ ಪೂರ್ತಿ ಇಬ್ಬರ ಜಾಗ ಹಿಡಿದು ಕೂತಿದ್ದ. ಎಂಟು ಹತ್ತಕ್ಕೆ ಬಸ್ಸು ಹೊರಟಿತು. ಮೊದಲ ಆರು ಸ್ಟಾಪುಗಳ ನಡುವೆ ಕೈ ಎತ್ತಿದವರು ಮೂವರು. ಮೂವರನ್ನೂ ಅವನು ದಾಟಿದ. ಮಾಲೀಕ ಒಂದೊಂದು ಸಲವೂ ಕಂಬಿಯ ಮೇಲೆ ಬೆರಳು ಕುಟ್ಟಿದ.

ಅತ್ತೆಯ ಗೇಟಿನ ಮುಂದೆ ಯಾರೂ ಇರಲಿಲ್ಲ. ಸ್ವಲ್ಪ ಮುಂದೆ ರಸ್ತೆಯ ಅಂಚಿನಲ್ಲಿ ಒಂದು ಕೈಯಲ್ಲಿ ಛತ್ರಿ ಊರಿಕೊಂಡು, ಇನ್ನೊಂದು ಕೈಯನ್ನು ಮಂಡಿಯ ಮೇಲಿಟ್ಟುಕೊಂಡು ಆಕೆ ಏಳನೇ ಸ್ಟಾಪಿನ ಕಡೆಗೆ ನಡೆಯುತ್ತಿದ್ದಳು. ಇನ್ನೂ ಅರ್ಧ ದಾರಿ ಉಳಿದಿತ್ತು. ಬಸ್ಸು ಆಕೆಯ ಪಕ್ಕದಲ್ಲೇ ಮೆಲ್ಲಗೆ ಹಾದುಹೋಯಿತು. ‘ಥೂ, ಮತ್ತೆ ಬಿಟ್ಟು ಬಂದ ನೋಡು,’ ಎಂದಿತು ಹಿಂದಿನಿಂದ ಒಂದು ದನಿ.

ಏಳನೇ ಸ್ಟಾಪಿನಲ್ಲಿ ಅವನು ನಿಲ್ಲಿಸಿದ. ಇಬ್ಬರು ಹತ್ತಿದರು. ಕಂಡಕ್ಟರ್ ‘ರೈಟ್ ರೈಟ್’ ಎಂದ. ಬಸ್ಸು ಅಲುಗಲಿಲ್ಲ. ಇನ್ನೊಮ್ಮೆ ‘ರೈಟ್’ ಎಂದು ಬಡಿದ. ಗಡಿಯಾರ ಕನ್ನಡಿ ನೋಡುತ್ತಾ ಕೂತಿತ್ತು. ಒಂದು ನಿಮಿಷವಾಯಿತು, ಎರಡಾಯಿತು. ಹನ್ನೊಂದು ವರ್ಷದಲ್ಲಿ ಸ್ಟಾಪಿನಲ್ಲಿ ಬೇಕೆಂದೇ ಹೊತ್ತು ಮೀರಿಸಿ ನಿಂತದ್ದು ಅವನಿಗೆ ಇದೇ ಮೊದಲು. ಮಾಲೀಕ ವಾಚು ನೋಡಿಕೊಂಡು, ‘ನಿನ್ನ ಕತೆ ನಂಗೆ ಅರ್ಥವೇ ಆಗಲ್ಲ ಕಣಯ್ಯಾ’ ಎಂದ.

ನಾಲ್ಕನೇ ನಿಮಿಷಕ್ಕೆ ಅತ್ತೆ ಬಂದಳು. ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ, ಡ್ರೈವರಿನ ಸೀಟಿನ ಪಕ್ಕ ಬಂದು ನಿಂತಳು.

‘ದಿನಾ ಇಷ್ಟು ನಡೀಬೇಕು ಅಂದ್ರೆ ನನಗೆ ಕಷ್ಟಾನೇ,’ ಎಂದಳು. ‘ಮೊದಲೇ ಹೇಳಿಬಿಡಿ ಅಳಿಯಂದ್ರೇ. ಮುಂದಿನ ತಿಂಗಳೂ ನೀವೇ ಬರೋದಾ?’

ಕೇಳಿದ್ದು ಬಸ್ಸಿನ ವಿಷಯವಲ್ಲ ಎಂದು ಅವನಿಗೆ ತಿಳಿಯಿತು.

‘ಈ ಬಸ್ಸು ಯಾರು ಓಡಿಸ್ತಾರೋ ಗೊತ್ತಿಲ್ಲ ಅತ್ತೆ,’ ಎಂದ ಅವನು, ಮಾಲೀಕ ಪಕ್ಕದಲ್ಲೇ ಇದ್ದರೂ. ‘ನಾನು ಮಾತ್ರ ಎಲ್ಲೂ ಹೋಗಲ್ಲ. ನಿನ್ನೆ ಸಂಜೆ ಡಿಪೋಗೆ ಫೋನ್ ಮಾಡಿ ಹೇಳಿದೀನಿ.’

ಅತ್ತೆ ತಲೆಯಾಡಿಸಿದಳು. ಛತ್ರಿಯ ತುದಿಯಿಂದ ಮಾಲೀಕನ ಕಾಲನ್ನು ಮೆಲ್ಲಗೆ ತಟ್ಟಿ, ‘ಸ್ವಲ್ಪ ಸರೀರಿ,’ ಎಂದಳು. ಅವನು ಸರಿದ.